ಮುದ್ದೆ ಊಟ ಬಿಟ್ಟಿತು: ಒಂದು ಸಾಕು ಹಾವಿನ ಚಳಿಗಾಲದ ಪ್ರಕರಣ

ಹಾವು ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಒಂದು ಜಾತಿಯ ಹೆಬ್ಬಾವು, ಗಂಡು, ವಯಸ್ಸು ನಾಲ್ಕು. ಊರು ಅಮೆರಿಕದ ಮಿಶಿಗನ್ ರಾಜ್ಯದ ನೋವೈ. ಮನೆ ಹಾಸನ ಕಡೆಯವರದು, ಹಾವು ಆ ಮನೆಯ ಹೈಸ್ಕೂಲು ಹುಡುಗಿಯದು. ಹೆಸರು ಮುದ್ದೆ. ಹೆದರಿದರೆ ತಲೆಯನ್ನು ಒಳಗೆ ಸೇರಿಸಿಕೊಂಡು ತಟ್ಟೆಯ ಮೇಲಿನ ರಾಗಿಮುದ್ದೆ ಥರ ಗುಂಡಗೆ ಕೂತುಬಿಡುತ್ತದೆ, ಅದಕ್ಕೆ ಆ ಹೆಸರು. ಈ ಜಾತಿಯ ಹಾವುಗಳೆಲ್ಲ ಹೀಗೇ ಮಾಡುತ್ತವೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಹಾವು ಸಾಕುತ್ತೇನೆ, ಈ ಕಡೆಯ ಕನ್ನಡದ ಮನೆಗಳಲ್ಲಿ ಯಾರ ಹಲ್ಲಿಗೋ ಆಮೆಗೋ ಏನಾದರೂ ಆದರೆ ನನಗೆ ಫೋನು ಬರುತ್ತದೆ, ಅಷ್ಟೇ.

ಶುರುವಾಗಿದ್ದು ನವೆಂಬರ್ ಕೊನೆಯಲ್ಲಿ. ಎರಡು ವಾರಕ್ಕೊಮ್ಮೆ ಒಂದು ಇಲಿ ತಿನ್ನುತ್ತಿದ್ದ ಹಾವು ತಿನ್ನಲಿಲ್ಲ. ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ತೋರಿಸಿದರೆ ಮೂಸಿ ನೋಡಿ ಮುಖ ತಿರುಗಿಸಿತು. ಹುಡುಗಿ ಗಾಬರಿಯಾಗಲಿಲ್ಲ, ಅದು ಸರಿಯೇ. ಬಾಲ್ ಪೈಥಾನ್ ಊಟ ಬಿಡುವುದಕ್ಕೆ ಹೆಸರುವಾಸಿ. ಅದರಲ್ಲೂ ದೊಡ್ಡ ಗಂಡು ಹಾವು ಚಳಿಗಾಲದಲ್ಲಿ, ಅಂದರೆ ಅದರ ಬೆದೆಯ ಕಾಲದಲ್ಲಿ, ತಿಂಗಳುಗಟ್ಟಲೆ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಉತ್ತರ ತಪ್ಪಲ್ಲ. ಆದರೆ ಅದರ ಜೊತೆ ಒಂದು ಷರತ್ತಿದೆ, ಅದನ್ನು ಯಾರೂ ಹೇಳುವುದಿಲ್ಲ: ತೂಕ ಅಷ್ಟಾಗಿ ಇಳಿಯಬಾರದು, ಬೇರೆ ಯಾವ ಬದಲಾವಣೆಯೂ ಇರಬಾರದು. ಊಟ ಬಿಟ್ಟಿದ್ದು ಒಂದೇ ಆದರೆ ಸುಮ್ನಿರಬಹುದು. ಅದರ ಜೊತೆ ಇನ್ನೊಂದು ಸೇರಿತೋ, ಲೆಕ್ಕ ಬೇರೆ.

ಇಲ್ಲಿ ಇನ್ನೊಂದು ಸೇರಿತು. ಒಂದಲ್ಲ, ನಾಲ್ಕು ಸೇರಿದವು. ಆದರೆ ಒಂದೊಂದಕ್ಕೂ ಮನೆಯಲ್ಲಿ ಒಂದೊಂದು ಸಮಾಧಾನ ರೆಡಿ ಇತ್ತು.

ಡಿಸೆಂಬರಿನಲ್ಲಿ ಕಣ್ಣು ನೀಲಿಯಾಯಿತು. ಪೊರೆ ಬಿಡುವ ಮುಂಚೆ ಹಳೇ ಚರ್ಮ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬಿ ಹಾವಿನ ಕಣ್ಣು ಹಾಲು ಕಲಸಿದ ಹಾಗೆ ಮಸುಕಾಗುತ್ತದೆ, ಮೈ ಬಣ್ಣ ಮಂಕಾಗುತ್ತದೆ. ಕೆಲವು ದಿನ ಹಾಗಿದ್ದು ಮತ್ತೆ ತಿಳಿಯಾಗಿ, ಆಮೇಲೆ ಪೊರೆ ಬರುತ್ತದೆ. ಈ ಹೊತ್ತಿನಲ್ಲೂ ಬಹಳಷ್ಟು ಹಾವು ತಿನ್ನುವುದಿಲ್ಲ. 'ಓ, ಅದಕ್ಕೇ ತಿಂದಿರಲಿಲ್ಲ' ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಪೊರೆ ಬಂದಿದ್ದು ತುಂಡು ತುಂಡಾಗಿ. ಆರೋಗ್ಯವಾಗಿರುವ ಹಾವಿನ ಪೊರೆ ಮೂತಿಯಿಂದ ಬಾಲದ ತುದಿವರೆಗೆ ಒಂದೇ ಕಾಲುಚೀಲದ ಹಾಗೆ ಕಳಚಿ ಬರಬೇಕು, ಎರಡು ಕಣ್ಣನ್ನೂ ಮುಚ್ಚಿರುವ ಪಾರದರ್ಶಕ ಗುಂಡು ಬಿಲ್ಲೆಗಳೂ ಅದರಲ್ಲೇ ಇರಬೇಕು. ಹುಡುಗಿ ಪೊರೆಯ ತುಂಡುಗಳನ್ನು ಎತ್ತಿಟ್ಟಿದ್ದಳು. ಒಳ್ಳೇ ಕೆಲಸ ಮಾಡಿದ್ದಳು, ಯಾಕೆಂದರೆ ಬೆಳಕಿಗೆ ಹಿಡಿದು ನೋಡಿದಾಗ ಬಲಗಣ್ಣಿನ ಬಿಲ್ಲೆ ಒಂದೇ ಸಿಕ್ಕಿತು. ಎಡಗಣ್ಣಿನದು ಇನ್ನೂ ಹಾವಿನ ಮುಖದ ಮೇಲೇ ಇತ್ತು.

ಆಮೇಲೆ ನೀರಿನ ಬಟ್ಟಲಿನಲ್ಲಿ ಮಲಗಲು ಶುರುಮಾಡಿತು. ದಿನದ ಬಹುಪಾಲು ಅಲ್ಲೇ. ಹುಡುಗಿಯ ಅಮ್ಮನಿಗೆ ಇದು ಮುದ್ದಾಗಿ ಕಂಡಿತ್ತು, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು. ಅದಾದ ಮೇಲೆ ಜನವರಿಯ ದೊಡ್ಡ ಚಳಿ ಬಂತು. ಹಾವು ಗಾಜಿನ ಮೂಲೆಗೆ ಒರಗಿ ತಲೆ ಎತ್ತಿಕೊಂಡು ಗಂಟೆಗಟ್ಟಲೆ ನಿಲ್ಲಲು ಆರಂಭಿಸಿತು. ಆಗಾಗ ಬಾಯಿ ತೆರೆಯುತ್ತಿತ್ತು. 'ಆಕಳಿಸ್ತಾ ಇದೆ' ಅಂದರು ಅಪ್ಪ. ಎರಡೇ ದಿನದಲ್ಲಿ ಅದೇ ಅಪ್ಪ ರಾತ್ರಿಯೆಲ್ಲ ಕೂತು ಓದಿ, ತಲೆ ಮೇಲೆತ್ತುವುದು ಸ್ಟಾರ್‌ಗೇಜಿಂಗ್ ಅನ್ನುವ ನರದ ಕಾಯಿಲೆಯ ಲಕ್ಷಣ, ಹೆಬ್ಬಾವುಗಳಿಗೆ ಬರುವ ವಾಸಿಯಾಗದ ವೈರಸ್ ರೋಗದಲ್ಲಿ ಹೀಗಾಗುತ್ತದೆ ಅಂತ ತೀರ್ಮಾನಕ್ಕೆ ಬಂದಿದ್ದರು. ಏನೂ ಇಲ್ಲ ಅನ್ನುವಲ್ಲಿಂದ ನೇರ ಸಾವಿಗೆ. ನಡುವೆ ಸ್ಟಾಪೇ ಇಲ್ಲ.

ಸರಿಯಾಗಿ ಹೇಳಿದ್ದು ಅಜ್ಜಿ. ಹಾಸನದಿಂದ ಚಳಿಗಾಲ ಕಳೆಯಲು ಬಂದಿದ್ದರು (ಯಾಕೆ ಚಳಿಗಾಲದಲ್ಲೇ ಬಂದರೋ ದೇವರೇ ಬಲ್ಲ). ಹಾವಿನ ರೂಮಿಗೆ ಕಾಲಿಟ್ಟವರಲ್ಲ, ಆದರೆ ಪಕ್ಕದ ರೂಮಿನಲ್ಲೇ ಮಲಗುತ್ತಿದ್ದರು. ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, "ನಿಮ್ಮ ಹಾವು ರಾತ್ರಿಯೆಲ್ಲ ಗೊರಕೆ ಹೊಡೀತದೆ ಕಣವ್ವ, ನೆಗಡಿ ಆಗೈತೆ ಅದಕ್ಕೆ" ಅಂದರು. ಮೊಮ್ಮಗಳು ನಕ್ಕಳು. ರಾತ್ರಿ ಕಿವಿ ಕೊಟ್ಟು ಕೇಳಿದಾಗ ನಗು ನಿಂತಿತು. ನನಗೆ ಫೋನ್ ಬಂದಿದ್ದು ಆಗ. "ಆಂಟಿ, ಮುದ್ದೆ ಸೌಂಡ್ ಮಾಡ್ತಿದೆ."

ಹೋದವಳು ಹಾವನ್ನು ಮುಟ್ಟಲಿಲ್ಲ. ಮೊದಲು ಅದರ ಮನೆ ನೋಡಬೇಕು, ಆಮೇಲೆ ಹಾವು. ಹಾವು ತನ್ನ ಮೈಶಾಖವನ್ನು ತಾನೇ ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ, ಸುತ್ತ ಎಷ್ಟಿದೆಯೋ ಅಷ್ಟು. ಜೀರ್ಣ ಆಗುವುದು, ಸೋಂಕಿನ ಜೊತೆ ಹೋರಾಡುವುದು, ಕೊಟ್ಟ ಔಷಧಿ ಮೈಯಲ್ಲಿ ಕೆಲಸ ಮಾಡುವುದು, ಎಲ್ಲವೂ ಆ ಶಾಖದ ಮೇಲೆ ನಿಂತಿದೆ. ಅದಕ್ಕೇ ಹಾವಿನ ಯಾವ ವಿಚಿತ್ರ ನಡವಳಿಕೆ ಕಂಡರೂ ನನ್ನ ಮೊದಲ ಪ್ರಶ್ನೆ ಹಾವಿನ ಬಗ್ಗೆ ಇರುವುದಿಲ್ಲ, ಥರ್ಮಾಮೀಟರಿನ ಬಗ್ಗೆ ಇರುತ್ತದೆ.

ಗಾಜಿನ ತೊಟ್ಟಿ, ಮೇಲೆ ಜಾಲರಿ ಮುಚ್ಚಳ, ಜಾಲರಿಯ ಮೇಲೆ ಬೆಳಕು ಬಾರದ ಸೆರಾಮಿಕ್ ಹೀಟರ್, ಶಾಖ ನೋಡಿಕೊಂಡು ಅದನ್ನು ಆನ್ ಆಫ್ ಮಾಡುವ ಥರ್ಮೋಸ್ಟಾಟ್. ಒಳಗೋಡೆಗೆ ಅಂಟಿಸಿದ ಗಡಿಯಾರದಂಥ ಮುಳ್ಳಿನ ಮೀಟರ್ ತೇವಾಂಶ ಶೇಕಡಾ 60 ಅಂತ ತೋರಿಸುತ್ತಿತ್ತು. ಒಪ್ಪುವ ಅಂಕಿ. ಬಾಲ್ ಪೈಥಾನಿಗೆ 55ರಿಂದ 70 ಇದ್ದರೆ ಚೆಂದ. ನಾನು ತಂದಿದ್ದ ಡಿಜಿಟಲ್ ಮೀಟರನ್ನು ಹಾವು ಮಲಗುವ ಮಟ್ಟದಲ್ಲಿ ಇಟ್ಟು ಕಾದೆವು. 24ಕ್ಕೆ ಬಂದು ನಿಂತಿತು. ಆ ಮುಳ್ಳಿನ ಮೀಟರನ್ನು ಬೆರಳಲ್ಲಿ ತಟ್ಟಿದರೂ ಮುಳ್ಳು ಅಲ್ಲಾಡಲಿಲ್ಲ. ಎಷ್ಟು ಕಾಲದಿಂದ 60ರಲ್ಲಿ ಅಂಟಿಕೊಂಡಿತ್ತೋ ಏನೋ.

ಮಿಶಿಗನ್ ಚಳಿಗಾಲದಲ್ಲಿ ಇದು ಆಶ್ಚರ್ಯವಲ್ಲ. ಮೈನಸ್ 15 ಡಿಗ್ರಿಯ ಹೊರಗಾಳಿಯಲ್ಲಿ ನೀರಿನಂಶ ಬಲು ಕಡಿಮೆ, ಅದನ್ನು ಒಳಗೆ ತಂದು ಹೀಟರಿನಲ್ಲಿ ಕಾಯಿಸಿದರೆ ಮನೆಯೆಲ್ಲ ಒಣಗುತ್ತದೆ. ನಮ್ಮ ತುಟಿ ಒಡೆಯುತ್ತದೆ, ಮೂಗಲ್ಲಿ ರಕ್ತ ಬರುತ್ತದೆ, ಹಾವಿಗೂ ಅದೇ ಗಾಳಿ. ಅದರ ಮೇಲೆ ಜಾಲರಿ ಮುಚ್ಚಳ ಬೇರೆ, ಇದ್ದಬದ್ದ ಆವಿಯೆಲ್ಲ ಮೇಲಿಂದ ಹೋಗುತ್ತದೆ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆ ಈ ಹಾವು ಹಗಲೆಲ್ಲ ಇಲಿಬಿಲಗಳಲ್ಲಿ, ಹುತ್ತಗಳಲ್ಲಿ ಅಡಗಿರುತ್ತದೆ. ಅಲ್ಲಿ ಬೆಚ್ಚಗೂ ಇರುತ್ತದೆ, ತಂಪುಮಣ್ಣಿನ ತೇವವೂ ಇರುತ್ತದೆ. ಹಾಗಾಗಿ ತುಂಡು ಪೊರೆ ಮತ್ತು ನೀರಿನ ಬಟ್ಟಲಿನ ವಾಸ, ಎರಡೂ ಅರ್ಥವಾಯಿತು. ನೀರಲ್ಲಿ ಮಲಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಒಳಗೆ ಸೆಕೆ ಜಾಸ್ತಿ, ಇಲ್ಲವೇ ಗಾಳಿ ಒಣಗಿದೆ, ಇಲ್ಲವೇ ಮೈಮೇಲೆ ನುಸಿ ಬಿದ್ದಿದೆ. ನುಸಿ ಇದ್ದರೆ ಬಟ್ಟಲಿನ ತಳದಲ್ಲಿ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳು ಕಾಣುತ್ತವೆ, ಒದ್ದೆ ಬಿಳಿ ಟಿಶ್ಯೂವಿನಲ್ಲಿ ಮೈ ಒರೆಸಿದರೆ ಅದರ ಮೇಲೂ ಕಾಣುತ್ತವೆ. ನೋಡಿದೆವು, ಇರಲಿಲ್ಲ.

ಸೆಕೆಯ ಮಾತಂತೂ ದೂರವೇ ಉಳಿಯಿತು. ಬೆಚ್ಚಗಿನ ಮೂಲೆಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು, ತಣ್ಣನೆಯ ಮೂಲೆ 25ರ ಮೇಲಿರಬೇಕು. ನೆಲದ ಶಾಖ ಅಳೆದು ನೋಡಿದರೆ ಬೆಚ್ಚಗಿನ ಕಡೆಯೇ 25. ತಣ್ಣನೆಯ ಕಡೆ, ಅದೇ ಕಿಟಕಿಯ ಕಡೆ, 20ಕ್ಕಿಂತ ಕೆಳಗೆ. ಥರ್ಮೋಸ್ಟಾಟ್ ಮಾತ್ರ ನಿಯತ್ತಾಗಿ 32 ತೋರಿಸುತ್ತಿತ್ತು. ಅದು ಸುಳ್ಳೂ ಹೇಳುತ್ತಿರಲಿಲ್ಲ. ಅದರ ಪ್ರೋಬ್, ಅಂದರೆ ಶಾಖ ಅಳೆಯುವ ವೈರಿನ ತುದಿ, ನೆಲದಲ್ಲಿ ಇರಬೇಕಾದದ್ದು ಯಾವಾಗಲೋ ತೊಟ್ಟಿ ತೊಳೆದಾಗ ಮೇಲೆ ಸಿಕ್ಕಿಕೊಂಡು ಹೀಟರಿನ ಕೆಳಗೇ ನೇತಾಡುತ್ತಿತ್ತು. ತನ್ನ ಮೂಗಿಗೆ ಬಿಸಿ ತಾಗಿದ ತಕ್ಷಣ ಹೀಟರ್ ಆಫ್ ಮಾಡುತ್ತಿತ್ತು, ನೆಲ ತಣ್ಣಗೇ ಉಳಿಯುತ್ತಿತ್ತು. ಜೊತೆಗೆ ಕರೆಂಟು ಬಿಲ್ಲು ಉಳಿಸಲು ಅಪ್ಪ ರಾತ್ರಿ ಮನೆಯ ಹೀಟರನ್ನು 62 ಫ್ಯಾರನ್‌ಹೀಟಿಗೆ, ಅಂದರೆ ಸುಮಾರು 17 ಡಿಗ್ರಿಗೆ, ಇಳಿಸುತ್ತಿದ್ದರು. ಕಂಬಳಿ ಹೊದ್ದವರಿಗೆ ಅದು ಏನೂ ಅಲ್ಲ.

ಆಮೇಲೆ ಹಾವಿನ ಕಡೆ ತಿರುಗಿದೆ. ಸದ್ದು ದೂರಕ್ಕೂ ಕೇಳುತ್ತಿತ್ತು. ಉಸಿರು ಎಳೆದಾಗ ಸಣ್ಣ ಸಿಳ್ಳು, ಬಿಟ್ಟಾಗ ಪಟ್ ಅಂತ ಒಂದು ಚಿಟಿಕೆ. ಫೋನಿನ ಟಾರ್ಚ್ ಹಿಡಿದು ಮುಖದ ಹತ್ತಿರ ಹೋದೆವು. ಬಲ ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ, ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದು, ಉಸಿರಿನ ಜೊತೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಮೇಲ್ದುಟಿಯಲ್ಲಿ ಶಾಖ ಗ್ರಹಿಸುವ ಗುಳಿಗಳ ಸಾಲಿದೆಯಲ್ಲ, ಅದರ ಕೆಳಗೆ ತುಟಿ ಅಂಟಂಟಾಗಿ ಹೊಳೆಯುತ್ತಿತ್ತು. ಗಂಟಲು ಪ್ರತಿ ಉಸಿರಿಗೂ ಊದಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅದೇ ಬಾಯಿ ತೆರೆಯಿತು. ನಾಲಿಗೆಯ ಬುಡದಲ್ಲಿ ಉಸಿರಿನ ದ್ವಾರ ತೆರೆದು ಮುಚ್ಚುವುದು ಕಂಡಿತು, ಅದರಿಂದ ಮೇಲ್ದವಡೆಗೆ ಲೋಳೆಯ ಒಂದು ಎಳೆ ಜೋತುಬಿದ್ದಿತ್ತು. ಆಕಳಿಕೆ ಅಲ್ಲವೇ ಅಲ್ಲ. ಹಾವು ಇಲಿ ನುಂಗಿದ ಮೇಲೆ ದವಡೆ ಸರಿಮಾಡಿಕೊಳ್ಳಲು ಒಂದೆರಡು ಸಲ ಬಾಯಿ ಅಗಲಿಸುತ್ತದೆ, ಅದು ಮಾಮೂಲು. ಎರಡು ತಿಂಗಳು ಏನೂ ನುಂಗದ ಹಾವು ದಿನಕ್ಕೆ ಹತ್ತಾರು ಸಲ ಬಾಯಿ ತೆರೆದರೆ ಅದು ಉಸಿರಿಗೆ ಒದ್ದಾಡುತ್ತಿದೆ ಅಂತ ಅರ್ಥ.

ತಲೆ ಎತ್ತುವುದಕ್ಕೂ ಅದೇ ಕಾರಣ. ಹಾವಿಗೆ ನಮ್ಮ ಹಾಗೆ ಎದೆ ಹೊಟ್ಟೆ ನಡುವಿನ ವಪೆ ಇಲ್ಲ. ಕೆಮ್ಮಿ ಕಫ ಹೊರಗೆ ಹಾಕಲು ಅದಕ್ಕೆ ಬರುವುದಿಲ್ಲ. ಉದ್ದ ಕೊಳವೆಯಂಥ ಶ್ವಾಸಕೋಶದಲ್ಲಿ ಲೋಳೆ ಕೂತರೆ ಕೂತೇಬಿಡುತ್ತದೆ. ಕತ್ತು ಎತ್ತಿ ನೇರ ಮಾಡಿದರೆ ಗಾಳಿಗೆ ಒಂಚೂರು ದಾರಿ ಸಿಗುತ್ತದೆ, ಅದಕ್ಕೇ ಅದು ಮೂಲೆಗೆ ಒರಗಿ ನಿಲ್ಲುತ್ತಿತ್ತು. ಅಪ್ಪ ಹೆದರಿದ್ದ ಸ್ಟಾರ್‌ಗೇಜಿಂಗ್ ಬೇರೆ ಥರ. ಅದರಲ್ಲಿ ತಲೆ ಹಿಂದಕ್ಕೆ ತಿರುಚಿ ಆಕಾಶ ನೋಡುವಂತೆ ನಿಂತುಬಿಡುತ್ತದೆ, ಹಾವಿಗೆ ಮೈಮೇಲೆ ಹಿಡಿತವೇ ಇರುವುದಿಲ್ಲ. ಒಂದು ಸುಲಭ ಪರೀಕ್ಷೆ ಇದೆ. ಹಾವನ್ನು ಮೆಲ್ಲಗೆ ಬೆನ್ನ ಮೇಲೆ ಮಲಗಿಸಬೇಕು. ನರ ಸರಿಯಿದ್ದರೆ ತಕ್ಷಣ ಮಗುಚಿಕೊಳ್ಳುತ್ತದೆ. ಮುದ್ದೆ ಬೆನ್ನು ನೆಲಕ್ಕೆ ತಾಗುವ ಮೊದಲೇ ತಿರುಗಿತು, ನಾಲಿಗೆ ಚಾಚಿ ನನ್ನ ಕೈ ಮೂಸಿತು. ಬಾಲ್ ಪೈಥಾನಿನಲ್ಲಿ ಸ್ಪೈಡರ್ ಅಂತ ಒಂದು ಬಣ್ಣದ ತಳಿ ಇದೆ, ಅದಕ್ಕೆ ಹುಟ್ಟಿನಿಂದಲೇ ತಲೆ ತೂಗಾಡುವ ದೋಷ ಅಂಟಿಕೊಂಡಿರುತ್ತದೆ. ಇದು ಮಾಮೂಲಿ ಬಣ್ಣದ ಹಾವು, ಆ ಅನುಮಾನವೂ ಇಲ್ಲ.

ತೂಕ ಹಾಕಿದೆವು. ಹುಡುಗಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುತ್ತಿದ್ದಳು, ಇಡೀ ಪ್ರಕರಣದಲ್ಲಿ ಡಾಕ್ಟರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಆ ಪುಸ್ತಕ. ಅಕ್ಟೋಬರಿನಲ್ಲಿ 1,420 ಗ್ರಾಂ. ಡಿಸೆಂಬರ್ ಮಧ್ಯದಲ್ಲಿ 1,395, ಅಂದರೆ ಉಪವಾಸದ ಹಾವಿಗೆ ತೀರಾ ಮಾಮೂಲು. ಜನವರಿಯಲ್ಲಿ ನಾವು ತೂಗಿದಾಗ 1,265. ಶೇಕಡಾ 10ಕ್ಕಿಂತ ಜಾಸ್ತಿ ಹೋಗಿತ್ತು, ಅದರಲ್ಲಿ ಹೆಚ್ಚಿನದು ಕೊನೆಯ ಕೆಲವೇ ವಾರದಲ್ಲಿ. ಬೆದೆಗಾಲದ ಉಪವಾಸ ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಶುರುವಾಯಿತು ಅಂತ ಆ ಮೂರು ಅಂಕಿಯೇ ಹೇಳುತ್ತವೆ. ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ, ದಪ್ಪ ಹಾವು ದಪ್ಪಗೇ ಕಾಣುತ್ತಿತ್ತು.

ಅಜ್ಜಿ ಬಾಗಿಲ ಹತ್ತಿರ ನಿಂತು, ಪಾಪ, ಒಂದು ಬಟ್ಟಲು ಹಾಲಾದರೂ ಇಡ್ರಿ ಅಂದರು. ನಾಗರಪಂಚಮಿಯ ಅಭ್ಯಾಸ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ ಅಜ್ಜಿ, ಹಬ್ಬದ ದಿನ ಅದು ಹಾಲು ಕುಡಿಯುವುದು ಹಾವಾಡಿಗರು ಮುಂಚಿನಿಂದ ನೀರು ಕೊಡದೆ ಬಾಯಾರಿಸಿ ಇಟ್ಟಿರುತ್ತಾರೆ ಅಂತ, ಹಾಗೆ ಕುಡಿದ ಎಷ್ಟೋ ಹಾವು ಆಮೇಲೆ ಸಾಯುತ್ತವೆ ಅಂದೆ. "ಹಂಗಾದ್ರೆ ನಾವು ಎಷ್ಟು ಪಾಪ ಕಟ್ಕೊಂಡ್ವೋ" ಅಂತ ಹೇಳಿ ಒಳಗೆ ಹೋದರು.

ಪ್ರೋಬನ್ನು ನೆಲದಲ್ಲಿ ಕಟ್ಟಿ, ಜಾಲರಿಯ ಮುಕ್ಕಾಲು ಭಾಗವನ್ನು ಹೀಟರ್ ಬಿಟ್ಟು ಅಲ್ಯೂಮಿನಿಯಂ ಹಾಳೆಯಲ್ಲಿ ಮುಚ್ಚಿ, ತೊಟ್ಟಿಯನ್ನು ಕಿಟಕಿಯಿಂದ ಈಚೆ ತಂದೆವು. ಆದರೆ ಅಷ್ಟರಿಂದ ವಾಸಿಯಾಗುವ ಹಂತ ದಾಟಿತ್ತು. ಸಿಳ್ಳು ಒಂದೇ ಇದ್ದಿದ್ದರೆ, ಪೊರೆ ಬಿಡುವ ಹೊತ್ತಾಗಿದ್ದರೆ, ಶಾಖ ಸರಿಮಾಡಿ ಕಾಯೋಣ ಅನ್ನುತ್ತಿದ್ದೆ. ಗುಳ್ಳೆ, ಲೋಳೆ, ಬಾಯಿ ತೆರೆದ ಉಸಿರು, ಮೂರೂ ಇದ್ದಾಗ ಕಾಯುವ ಮಾತಿಲ್ಲ. ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ, ಸರೀಸೃಪ ನೋಡುವವರನ್ನೇ ಹುಡುಕಿ ಮಾರನೇ ದಿನಕ್ಕೆ ಸಮಯ ತೆಗೆದುಕೊಂಡೆವು. ಹಿಮದಲ್ಲಿ ಒಯ್ಯುವುದೂ ಒಂದು ಕೆಲಸ. ಹಾವನ್ನು ತಲೆದಿಂಬಿನ ಚೀಲಕ್ಕೆ ಹಾಕಿ ಗಂಟು ಕಟ್ಟಿ, ಅದನ್ನು ಪಿಕ್‌ನಿಕ್ಕಿನ ಐಸ್‌ಬಾಕ್ಸಿನೊಳಗಿಟ್ಟು, ಪಕ್ಕದಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ, ಕಾರನ್ನು ಮೊದಲೇ ಬೆಚ್ಚಗೆ ಮಾಡಿಟ್ಟು ಹೊರಟರು.

ಡಾಕ್ಟರು ಎಕ್ಸ್‌ರೇ ತೆಗೆದರು, ಶ್ವಾಸನಾಳದೊಳಗೆ ಸಣ್ಣ ಕೊಳವೆ ಇಳಿಸಿ ಲೋಳೆ ತೆಗೆದು ಕಲ್ಚರಿಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು, ಬಾಯಿಯ ಸ್ವಾಬನ್ನು ನಿಡೋವೈರಸ್ ಪರೀಕ್ಷೆಗೆ ಕಳಿಸಿದರು. ಈ ಕೊನೆಯದು ಮುಖ್ಯ. ಹೆಬ್ಬಾವು ಜಾತಿಗಳಲ್ಲಿ ಉಸಿರಾಟದ ಕಾಯಿಲೆ ತರುವ ಈ ವೈರಸ್ಸಿನ ಬಗ್ಗೆ ಸಂಶೋಧನೆಗಳು ಪ್ರಕಟವಾಗತೊಡಗಿದ್ದೇ 2014ರಲ್ಲಿ. ಅದಕ್ಕೆ ಔಷಧಿ ಇಲ್ಲ, ಒಂದು ಹಾವಿನಿಂದ ಇನ್ನೊಂದಕ್ಕೆ ಹರಡುತ್ತದೆ, ಹೊರಗಿನಿಂದ ನೋಡಿದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಹಾಗೇ ಕಾಣುತ್ತದೆ. ಪರೀಕ್ಷೆ ಮಾಡಿಸದೆ ಆ್ಯಂಟಿಬಯೋಟಿಕ್ ಚುಚ್ಚುತ್ತಾ ಹೋದರೆ ಯಾವುದು ಅಂತ ಗೊತ್ತೇ ಆಗುವುದಿಲ್ಲ. ನಿಡೋವೈರಸ್ ಇಲ್ಲ ಅಂತ ಬಂತು. ಕಲ್ಚರಿನಲ್ಲಿ ಬೆಳೆದಿದ್ದು ಸೂಡೊಮೊನಾಸ್, ಹಾವುಗಳ ನ್ಯುಮೋನಿಯಾದಲ್ಲಿ ಪದೇ ಪದೇ ಸಿಗುವ ಬ್ಯಾಕ್ಟೀರಿಯಾ. ಆರೋಗ್ಯವಾದ ಹಾವಿನ ಬಾಯಲ್ಲೂ ಇರಬಹುದಾದದ್ದು, ಮೈ ತಣ್ಣಗಾಗಿ ಬಲ ಕುಂದಿದಾಗ ತಲೆ ಎತ್ತುತ್ತದೆ.

ಔಷಧಿ ಸೆಫ್ಟಾಜಿಡೈಮ್ ಇಂಜೆಕ್ಷನ್, 72 ಗಂಟೆಗೊಮ್ಮೆ. ಮೂರು ದಿನಕ್ಕೊಂದು ಸಾಕಾ ಅಂತ ಅಪ್ಪ ಎರಡು ಸಲ ಕೇಳಿದರಂತೆ. ಹಾವಿನ ಮೈಯಿಂದ ಔಷಧಿ ಹೊರಗೆ ಹೋಗುವುದು ನಿಧಾನ, ಹಾಗಾಗಿ ಸಾಕು. ಚುಚ್ಚುವುದು ದೇಹದ ಮುಂದಿನ ಅರ್ಧದಲ್ಲೇ, ಬೆನ್ನೆಲುಬಿನ ಪಕ್ಕದ ಸ್ನಾಯುವಿಗೆ. ಹಿಂಭಾಗದ ರಕ್ತ ಹೃದಯಕ್ಕೆ ಹೋಗುವ ಮೊದಲೇ ಮೂತ್ರಪಿಂಡದ ಮೂಲಕ ಹಾಯಬಹುದು ಅನ್ನುವುದು ಅದರ ಲೆಕ್ಕ. ಕ್ಲಿನಿಕ್ಕಿನವರು ಸಿರಿಂಜುಗಳಲ್ಲಿ ತುಂಬಿಸಿ ಕೊಟ್ಟರು, ಫ್ರೀಜರಿನಲ್ಲಿ ಇಲಿಗಳ ಪಕ್ಕದಲ್ಲೇ ಅವಕ್ಕೂ ಜಾಗವಾಯಿತು. ಹುಡುಗಿಯೇ ಚುಚ್ಚಲು ಕಲಿತಳು, ಅಮ್ಮ ಹಿಡಿದುಕೊಂಡರು. ಪ್ರಮಾಣ ನಾನಿಲ್ಲಿ ಬರೆಯುವುದಿಲ್ಲ. ಅದು ತೂಕದ ಮೇಲೆ ಹೋಗುತ್ತದೆ, ಯಾರೋ ಅಂದಾಜಿಗೆ ಹಾಕಿದರೆ ಕಷ್ಟ. ಔಷಧಿ ನಡೆಯುವಷ್ಟು ದಿನ ರಾತ್ರಿಯೂ ಶಾಖ ಇಳಿಸಬಾರದು ಅಂತ ಡಾಕ್ಟರ ಕಟ್ಟಪ್ಪಣೆ. ಒಟ್ಟು ಖರ್ಚು ಹಾವು ಕೊಂಡ ಬೆಲೆಯ ಹಲವು ಪಟ್ಟು. ಹಾವು ಸಾಕುವವರು ಇದನ್ನು ಮೊದಲೇ ತಿಳಿದಿರಬೇಕು.

ಎಡಗಣ್ಣಿನ ಬಿಲ್ಲೆಯನ್ನು ಡಾಕ್ಟರು ಮುಟ್ಟಲಿಲ್ಲ. ಅಂಟುಪಟ್ಟಿ ಹಚ್ಚಿ ಕೀಳುವುದು, ಚಿಮುಟದಲ್ಲಿ ಎಳೆಯುವುದು ಇವೆಲ್ಲ ವಿಡಿಯೋಗಳಲ್ಲಿ ಬರುತ್ತವೆ, ದಯವಿಟ್ಟು ಮಾಡಬೇಡಿ, ಕೆಳಗಿನ ನಿಜವಾದ ಕಣ್ಣೇ ಹಾಳಾದೀತು. ತೇವ ಸರಿಮಾಡಿ ಮುಂದಿನ ಪೊರೆಗೆ ಕಾಯಿರಿ ಅಂದರು. ತೆಂಗಿನ ನಾರಿನ ಪುಡಿ ದಪ್ಪಗೆ ಹಾಸಿ, ಅಡಗುವ ಒಂದು ಡಬ್ಬಿಯೊಳಗೆ ಒದ್ದೆ ಪಾಚಿ ಇಟ್ಟೆವು. ತೇವ ಇರಬೇಕು, ಆದರೆ ಹಾಸು ಚಪ್ಪಚಪ್ಪ ಅನ್ನಬಾರದು, ಗಾಳಿ ಆಡುತ್ತಿರಬೇಕು.

ಮೊದಲು ಹೋಗಿದ್ದು ಗುಳ್ಳೆ. ಸಿಳ್ಳು ಹೋಗಲು ಎರಡು ವಾರ ಹಿಡಿಯಿತು. ಫೆಬ್ರವರಿಯಲ್ಲಿ ಇಂಜೆಕ್ಷನ್ ಮುಗಿದ ಮೇಲೂ ಕೆಲವು ದಿನ ಊಟದ ಮಾತೇ ಎತ್ತಬೇಡಿ ಅಂದಿದ್ದರು, ಉಸಿರಿಗೆ ಕಷ್ಟಪಡುವ ಹಾವು ನುಂಗಲು ಹೋದರೆ ಅಥವಾ ನುಂಗಿದ್ದನ್ನು ವಾಪಸು ಕಕ್ಕಿದರೆ ಇದ್ದ ಬಲವೂ ಹೋಗುತ್ತದೆ. ಮೊದಲ ಸಲ ಕೊಟ್ಟಾಗ ತಿನ್ನಲಿಲ್ಲ. ಮಾರ್ಚಿನಲ್ಲಿ, ಮಾಮೂಲಿನ ಅರ್ಧದಷ್ಟು ಗಾತ್ರದ ಇಲಿ ಕೊಟ್ಟಾಗ, ಕತ್ತಲೆಯಲ್ಲಿ ತಿಂದಿತು. ಏಪ್ರಿಲಿನ ಪೊರೆ ಒಂದೇ ತುಂಡಾಗಿ ಬಂತು, ಅದರ ಎಡಗಣ್ಣಿನ ಜಾಗದಲ್ಲಿ ಎರಡು ಬಿಲ್ಲೆ ಒಂದರ ಮೇಲೊಂದು ಅಂಟಿಕೊಂಡಿದ್ದವು. ಅಜ್ಜಿ ಊರಿಗೆ ಹೊರಡುವ ಹೊತ್ತಿಗೆ ತೂಕ 1,340.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು. ನಾಗರ, ಕೇರೆ, ನಮ್ಮ ಹೆಬ್ಬಾವು, ಎರಡು ತಲೆ ಹಾವು ಅಂತ ಕಳ್ಳಸಾಗಣೆ ಮಾಡುತ್ತಾರಲ್ಲ ಆ ಮಣ್ಣುಮುಕ್ಕ, ಇವು ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್ ಹೊರದೇಶದ್ದು, ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವಂಥದ್ದು. ಅಂಥವನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಈಗ ಹುಡುಗಿಗೆ ಎರಡನೇ ಹಾವು ಬೇಕಂತೆ. ತರುವುದಾದರೆ ಮುದ್ದೆಗೂ ಹೊಸದಕ್ಕೂ ನಿಡೋವೈರಸ್ ಪರೀಕ್ಷೆ ಇನ್ನೊಮ್ಮೆ ಮಾಡಿಸಿ, ಹೊಸದನ್ನು ಕನಿಷ್ಠ ಮೂರು ತಿಂಗಳು ಬೇರೆ ರೂಮಿನಲ್ಲಿ, ಬೇರೆ ಇಕ್ಕಳ, ಬೇರೆ ಬಟ್ಟಲು ಇಟ್ಟು ನೋಡಿಕೊಳ್ಳಬೇಕು ಅಂತ ಹೇಳಿದ್ದೇನೆ. ಮನೆಯಲ್ಲಿ ಖಾಲಿ ಇರುವುದು ಅಜ್ಜಿಯ ರೂಮು ಒಂದೇ. ಅಪ್ಪ ಇನ್ನೂ ಒಪ್ಪಿಲ್ಲ.